ಓಡತೊಡಗಿದ ಯೌವನಸ್ಥನಿಗಾಗಿ ಒಂದು ಪ್ರಸಂಗ

ಆಧಾರ: 1 ಕೊರಿಂಥ 9: 24–27, 1 ಅರಸುಗಳು 19: 1–8



ಈಗಿನ ದಿನಗಳಲ್ಲಿ ನಮ್ಮ ಹಳ್ಳಿಗಳ ಹೊರದಾರಿಯಲ್ಲಿ, ಕೋಳಿ ಕೂಗಿ ತುಸು ಹೊತ್ತಾಗುವಷ್ಟರಲ್ಲಿ, ಒಬ್ಬಿಬ್ಬರು ಯೌವನಸ್ಥರು ಓಡುವದನ್ನು ನೀವು ನೋಡಿರಬಹುದು. ಅವರನ್ನು ಯಾರೂ ಅಟ್ಟಿಸಿಕೊಂಡು ಬರುವದಿಲ್ಲ. ಬಸ್ಸು ತಪ್ಪೀತೆಂಬ ಅವಸರವೂ ಅವರಿಗಿಲ್ಲ. ನೂರು ಮಾರು ಓಡಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಏದುಸಿರು ಇಳಿದ ಮೇಲೆ ಮತ್ತೆ ಓಡುತ್ತಾರೆ. ನಲ್ಲಿಯ ಬಳಿಯಲ್ಲಿ ಕೊಡ ಹಿಡಿದು ನಿಂತವರು ನಗುತ್ತಾರೆ. ಹೊಟ್ಟೆಗೆ ಹೆಚ್ಚಾದವರ ಆಟವಿದು ಎಂದು ಒಬ್ಬರು ಅನ್ನುತ್ತಾರೆ. ಅಷ್ಟು ಮೈಬಲವಿದ್ದರೆ ಹೊಲಕ್ಕೆ ಬಂದು ಕಳೆ ಕೀಳಬಾರದೇ ಎಂದು ಇನ್ನೊಬ್ಬರು ಕೇಳುತ್ತಾರೆ.

ಆ ಯೌವನಸ್ಥನು ಯಾರು? ನಮ್ಮ ಸಭೆಗಳಲ್ಲಿಯೇ ಬೆಳೆದವನು. ಅವನ ಅಜ್ಜನು ನೇಗಿಲು ಹಿಡಿದವನು, ತಂದೆಯು ಬೈಸಿಕಲ್ಲು ತುಳಿದವನು. ಅವನಾದರೋ ಓದಿ ಪೇಟೆಯಲ್ಲಿ ಕೆಲಸಕ್ಕೆ ಸೇರಿದನು. ಬೆಳಿಗ್ಗೆ ಮೋಟರ್ ಸೈಕಲ್ಲಿನ ಮೇಲೆ ಕೂತು ಹೋಗುತ್ತಾನೆ, ಹಗಲೆಲ್ಲಾ ಕುರ್ಚಿಯಲ್ಲಿ ಕೂತಿರುತ್ತಾನೆ, ಸಂಜೆ ಬಂದು ಫೋನು ಹಿಡಿದು ಕೂತುಕೊಳ್ಳುತ್ತಾನೆ. ತಟ್ಟೆಯಲ್ಲಿ ಬೀಳುವ ಮುದ್ದೆಯಾದರೋ ಅಜ್ಜನ ಅಳತೆಯದೇ. ಮೂರು ನಾಲ್ಕು ವರುಷಗಳಲ್ಲಿ ಹತ್ತು ಹನ್ನೆರಡು ಕಿಲೋ ಮೈಯೇರಿತು. ಗುಡಿಯ ಮೆಟ್ಟಲು ಹತ್ತುವಾಗ ಉಸಿರು ಕಟ್ಟಿತು. ಮದುವೆಯ ಮನೆಯಲ್ಲಿ ಯಾರೋ ಅವನ ಹೊಟ್ಟೆಯನ್ನು ತಟ್ಟಿ ಒಂದು ಮಾತಾಡಿದರು, ಸುತ್ತಲಿದ್ದವರು ನಕ್ಕರು. ಆ ರಾತ್ರಿ ಅವನು ಉಣ್ಣಲಿಲ್ಲ. ಮರುದಿನ ನಾಲ್ಕೂವರೆಗೆ ಎದ್ದು ಓಡಿದನು.

ಇಂಥವನಿಗೆ ಸಭೆಯು ಏನು ಹೇಳುವದು? ಕೆಲವು ಹಿರಿಯರು ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ಎತ್ತಿ, ಶರೀರದ ಸಾಧನೆಯ ಲಾಭವು ಅಲ್ಪವೆಂದು ಅಲ್ಲಿ ಬರೆದಿದೆಯಲ್ಲಾ ಎಂದು ಸುಮ್ಮನಾಗುತ್ತಾರೆ. ಅಲ್ಪ ಲಾಭವೆಂದರೆ ಲಾಭವಿಲ್ಲವೆಂದಲ್ಲ. ಅಂಗಡಿ ನಡಿಸುವವರು ಇದನ್ನು ಚೆನ್ನಾಗಿ ಬಲ್ಲರು. ಅದೇ ಪತ್ರಿಕೆಯಲ್ಲಿ ಸ್ವಲ್ಪ ಮುಂದೆ ಹೋದರೆ, ಅದೇ ಅಪೊಸ್ತಲನು ಆ ಯೌವನಸ್ಥನ ಹೊಟ್ಟೆಯ ಕಾಯಿಲೆಯನ್ನೂ ಅವನಿಗೆ ಪದೇ ಪದೇ ಬರುವ ಅಸ್ವಸ್ಥತೆಯನ್ನೂ ನೆನಸಿ ಉಪಾಯ ಹೇಳುತ್ತಾನೆ. ಸುವಾರ್ತೆಗಾಗಿ ಸಮುದ್ರ ದಾಟಿದವನಿಗೆ ಶಿಷ್ಯನ ಹೊಟ್ಟೆಯ ಚಿಂತೆಯು ಹೀನವೆಂದು ತೋರಲಿಲ್ಲ.

ಓಟದ ಮಾತನ್ನು ಪೌಲನು ಕೊರಿಂಥದವರಿಗೇ ಬರೆದದ್ದಕ್ಕೆ ಕಾರಣವುಂಟು. ಆ ಪಟ್ಟಣದ ಹತ್ತಿರದ ಭೂಸಂಧಿಯಲ್ಲಿ ಎರಡು ವರುಷಕ್ಕೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಎಲೆಗಳ ಕಿರೀಟವನ್ನು ಇಡುತ್ತಿದ್ದರು. ಕೆಲವು ದಿವಸಗಳಲ್ಲಿ ಅದು ಒಣಗಿ ಉದುರುತ್ತಿತ್ತು. ಬಾಡುವ ಕಿರೀಟ, ಬಾಡದ ಕಿರೀಟ ಎಂಬ ಭೇದವನ್ನು ಅಲ್ಲಿಯ ಕೂಲಿಯವನೂ ತಿಳಿದುಕೊಂಡಿರಬೇಕು.

ಆದರೆ ಈ ಭಾಗದ ಕೊನೆಯ ವಚನವನ್ನು ಅನೇಕರು ತಪ್ಪಾಗಿ ಹಿಡಿಯುತ್ತಾರೆ. ಅಲ್ಲಿ ತನ್ನ ಮೈಯನ್ನು ಅಧೀನಕ್ಕೆ ತರುವದನ್ನು ಹೇಳುತ್ತಾ ಪೌಲನು ಮುಷ್ಟಿಯುದ್ಧದ ಮಾತೊಂದನ್ನು ಬಳಸುತ್ತಾನೆ. ಗ್ರೀಕ್ ಭಾಷೆಯಲ್ಲಿ ಅದರ ಮೂಲಾರ್ಥವು ಕಣ್ಣಿನ ಕೆಳಗೆ ಗುದ್ದುವದು. ಇದನ್ನು ಕೇಳಿ, ದೇಹವು ನಮ್ಮ ವೈರಿ, ಅದನ್ನು ಬಡಿದು ಬಾಡಿಸುವದೇ ಭಕ್ತಿ ಎಂದು ಎಣಿಸುವವರು ಅಂದಿನಿಂದ ಇಂದಿನ ವರೆಗೂ ಇದ್ದಾರೆ. ಅದೇ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಅದೇ ದೇಹವನ್ನು ಪವಿತ್ರಾತ್ಮನ ಆಲಯವೆಂದು ಅವನು ಕರೆದಿದ್ದಾನೆ. ಆಲಯವನ್ನು ಗುಡಿಸಬಹುದು, ಸುಣ್ಣ ಬಳಿಯಬಹುದು; ಸಿಟ್ಟಿನಿಂದ ಅದರ ಗೋಡೆಯನ್ನು ಯಾರು ಒಡೆಯುತ್ತಾರೆ?

ಒಕ್ಕಲುತನದವರಿಗೆ ಹೇಳುವದಾದರೆ ಇದು ಪಾಲಿಗೆ ತಂದ ಎತ್ತಿನ ಹಾಗೆ. ಎತ್ತು ನಮ್ಮದಲ್ಲ, ಧಣಿಯದು. ಹಾಗೆಂದು ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತಾ ಕೂತರೆ ಅದು ಕೊಬ್ಬಿ ಕೆಲಸಕ್ಕೆ ಬಾರದೆ ಹೋಗುವದು. ಉಪವಾಸ ಕೆಡವಿ ಹೊಡೆದರೆ ನೊಗದಲ್ಲಿಯೇ ಬೀಳುವದು. ಎಳೆಯ ಹೋರಿಯನ್ನು ಪಳಗಿಸುವವನು ಮೊದಲನೆಯ ದಿನವೇ ಆಳದ ನೇಗಿಲಿಗೆ ಹೂಡುವನೋ? ಹಗುರವಾದ ಕೊರಡನ್ನು ಎಳಿಸುತ್ತಾನೆ, ನಿಲ್ಲಿಸುತ್ತಾನೆ, ಬೆನ್ನು ಸವರುತ್ತಾನೆ, ನಾಳೆ ಇನ್ನೆರಡು ಸುತ್ತು ಎಳಿಸುತ್ತಾನೆ. ಯೌವನಸ್ಥನೇ, ನಿನ್ನ ಮೈಯನ್ನು ಧಣಿಯು ನಿನಗೆ ಒಪ್ಪಿಸಿದ್ದಾನೆ. ಮದುವೆಯ ಮನೆಯಲ್ಲಿ ನಕ್ಕವರ ಸಿಟ್ಟನ್ನು ಅದರ ಮೇಲೆ ತೀರಿಸಬೇಡ.

ನಾಚಿಕೆಯಿಂದ ಹುಟ್ಟಿದ ಓಟವು ಹೆಚ್ಚು ದೂರ ಹೋಗುವದಿಲ್ಲವೆಂಬದೇ ನನ್ನ ಮಾತು. ನಾಚಿಕೆಯು ಅವಸರ ಮಾಡುತ್ತದೆ. ಒಂದು ತಿಂಗಳಲ್ಲಿ ಹತ್ತು ಕಿಲೋ ಇಳಿಯಬೇಕೆನ್ನುತ್ತದೆ, ರಾತ್ರಿಯ ಊಟ ಬಿಡಿಸುತ್ತದೆ, ಪೇಟೆಯಲ್ಲಿ ಮಾರುವ ಪುಡಿ ಗುಳಿಗೆಗಳನ್ನು ಕೊಳ್ಳಿಸುತ್ತದೆ. ಮೊದಲನೆಯ ವಾರ ತಕ್ಕಡಿಯ ಮುಳ್ಳು ಎರಡು ಕಿಲೋ ಇಳಿದದ್ದನ್ನು ಕಂಡು ಕುಣಿಸುತ್ತದೆ. ಅದರಲ್ಲಿ ಬಹುಪಾಲು ಕೊಬ್ಬಲ್ಲ, ಮೈಯಲ್ಲಿದ್ದ ನೀರು. ಮೂರನೆಯ ವಾರ ಮುಳ್ಳು ನಿಂತಲ್ಲಿಯೇ ನಿಂತಾಗ ಅದೇ ನಾಚಿಕೆಯು ಅವನನ್ನು ಹಾಸಿಗೆಗೆ ತಿರಿಗಿ ನೂಕುತ್ತದೆ.

ಎಲೀಯನ ವೃತ್ತಾಂತವನ್ನು ಇಲ್ಲಿ ನೆನಸಿರಿ. ಕರ್ಮೆಲ್ ಬೆಟ್ಟದ ಆ ದೊಡ್ಡ ದಿನ ಮಳೆ ಬಂತು. ಪ್ರವಾದಿಯು ನಡುಕಟ್ಟಿಕೊಂಡು ಅಹಾಬನ ರಥದ ಮುಂದೆ ಇಜ್ರೇಲಿನ ವರೆಗೂ ಓಡಿದನು. ಅಂಥಾ ಓಟಗಾರನು ಮುಂದಿನ ಅಧ್ಯಾಯದಲ್ಲಿಯೇ ಅಡವಿಯ ಒಂದು ಗಿಡದ ಕೆಳಗೆ ಬಿದ್ದು ಸಾವನ್ನು ಬೇಡುತ್ತಾನೆ. ದೇವದೂತನು ಬಂದು ಏನು ಮಾಡಿದನು? ಬೈದನೋ? ಪ್ರಸಂಗ ಮಾಡಿದನೋ? (ನಾವಾಗಿದ್ದರೆ ಮಾಡುತ್ತಿದ್ದೆವು.) ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಇಟ್ಟು ಎಬ್ಬಿಸಿದನು. ಎಲೀಯನು ಉಂಡು ಮತ್ತೆ ಮಲಗಿದನು, ದೂತನು ಮಲಗಗೊಟ್ಟನು. ಎರಡನೆಯ ಸಾರಿ ಎಬ್ಬಿಸಿದಾಗಲೂ ಮೊದಲು ಊಟವೇ. ಹೋರೇಬಿಗೆ ನಾಲ್ವತ್ತು ದಿನದ ದಾರಿಯಿತ್ತು. ದಾರಿಯ ಉದ್ದವನ್ನು ಬಲ್ಲವನು ಮೊದಲು ಮೈಯನ್ನು ನೋಡಿಕೊಂಡನು. ನಿದ್ರೆಗೆಟ್ಟು, ಬರಿಹೊಟ್ಟೆಯಲ್ಲಿ, ತನ್ನನ್ನು ತಾನೇ ಶಪಿಸುತ್ತಾ ಓಡುವವನಿಗೆ ಇದಕ್ಕಿಂತ ಒಳ್ಳೇ ಪಾಠವನ್ನು ನಾನು ಕಾಣೆನು.

ಈಗ ಲೆಕ್ಕದ ಮಾತಿಗೆ ಬರೋಣ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಎಣಿಸುವದು ಸರಿಯೆಂದು ಕರ್ತನೇ ಕಲಿಸಿದ್ದಾನೆ. ಆಹಾರದ ಶಕ್ತಿಯನ್ನು ವೈದ್ಯರು ಕ್ಯಾಲರಿ ಎಂಬ ಮಾನದಿಂದ ಅಳೆಯುತ್ತಾರೆ. ಓಡುವವನು ಒಂದು ಕಿಲೋಮೀಟರಿಗೆ ತನ್ನ ತೂಕದ ಕಿಲೋ ಒಂದಕ್ಕೆ ಸುಮಾರು ಒಂದು ಕ್ಯಾಲರಿಯನ್ನು ವ್ಯಯಿಸುತ್ತಾನೆ. 80 ಕಿಲೋ ತೂಗುವವನಿಗೆ ಕಿಲೋಮೀಟರಿಗೆ 80 ಆಯಿತು. ಮೈಯಲ್ಲಿ ಕೂಡಿಟ್ಟ ಒಂದು ಕಿಲೋ ಕೊಬ್ಬಿನಲ್ಲಿಯಾದರೋ ಸುಮಾರು 7,700 ಕ್ಯಾಲರಿಗಳಿವೆ. ಬರೇ ಓಟದಿಂದಲೇ ಅದನ್ನು ಕರಗಿಸಬೇಕಾದರೆ ಅವನು ಸುಮಾರು 96 ಕಿಲೋಮೀಟರು ಓಡಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಎರಡು ಸಾರಿ ಹೋಗಿ ಬಂದು, ಮೂರನೆಯ ಸಾರಿ ಮುಕ್ಕಾಲು ದಾರಿ ಹೋದರೂ ಇನ್ನೊಂದು ಹೆಜ್ಜೆ ಉಳಿಯುವದು!

ಇದನ್ನು ಕೇಳಿ ಎದೆಗುಂದಬೇಡ. ಲೆಕ್ಕದ ಇನ್ನೊಂದು ಪಕ್ಕವನ್ನು ನೋಡು. ಒಂದು ಚಮಚ ಸಕ್ಕರೆಯು ಐದು ಗ್ರಾಮು, ಅದರಲ್ಲಿ 20 ಕ್ಯಾಲರಿ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಎಂದರೆ 160 ಕ್ಯಾಲರಿ, ಅಂದರೆ ನಿನ್ನ ಎರಡು ಕಿಲೋಮೀಟರಿನ ಓಟ. ಬೆಳಿಗ್ಗೆ ಬೆವರು ಸುರಿಸಿ ಗಳಿಸಿದ್ದನ್ನು ಸಂಜೆಯೊಳಗೆ ಚಹಾದ ಅಂಗಡಿಯಲ್ಲಿ ಕೂತು ತಿರಿಗಿ ಕೊಟ್ಟು ಬರುತ್ತೀ. ಬೇಕರಿಯ ಎಣ್ಣೆ ಸಕ್ಕರೆಯ ತಿಂಡಿಗಳನ್ನೂ ಬಾಟಲಿಯ ಸಿಹಿ ಪಾನಕಗಳನ್ನೂ ಹೀಗೆಯೇ ಎಣಿಸು. ರಾಗಿಯನ್ನೂ ಜೋಳವನ್ನೂ ಬೈಯಬೇಡ. ಅವು ನಿನ್ನ ಅಜ್ಜಂದಿರನ್ನು ಸಾಕಿದವು. ಮುದ್ದೆಯು ಸ್ವಲ್ಪ ಸಣ್ಣದಾಗಲಿ, ಸಾರಿನಲ್ಲಿ ಕಾಳೂ ಸೊಪ್ಪೂ ಹೆಚ್ಚಾಗಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ತೂಕವನ್ನು ಇಳಿಸುವದರಲ್ಲಿ ತಟ್ಟೆಯ ಪಾಲು ದೊಡ್ಡದು, ಓಟದ ಪಾಲು ಸಣ್ಣದು. ಆದರೆ ಹೃದಯಕ್ಕೂ ಉಸಿರಿಗೂ ನಿದ್ರೆಗೂ ಮನಸ್ಸಿನ ಕುಗ್ಗುವಿಕೆಗೂ ಓಟವು ಮಾಡುವ ಉಪಕಾರವನ್ನು ತಟ್ಟೆಯು ಮಾಡಲಾರದು.

ಹಾಗಾದರೆ ಹೇಗೆ ಓಡುವದು? ಮೊದಲನೆಯ ವಾರಗಳಲ್ಲಿ ಒಂದು ನಿಮಿಷ ಮೆಲ್ಲಗೆ ಓಡು, ಒಂದೂವರೆ ನಿಮಿಷ ನಡೆ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿವಸ. ಓಡುತ್ತಾ ಪಕ್ಕದವನ ಸಂಗಡ ಒಂದು ಪೂರ್ಣ ವಾಕ್ಯವನ್ನು ಆಡಲಾರದೆ ಹೋದರೆ ವೇಗವು ಹೆಚ್ಚಾಯಿತೆಂದು ತಿಳಿ. ನಡೆಯುವದಕ್ಕೆ ನಾಚಿಕೊಳ್ಳಬೇಡ. ಓಡುವವನ ಪ್ರತಿಯೊಂದು ಹೆಜ್ಜೆಯಲ್ಲಿ ಅವನ ತೂಕದ ಎರಡು ಮೂರು ಪಾಲು ಭಾರವು ಒಂದೇ ಕಾಲಿನ ಮೇಲೆ ಬೀಳುತ್ತದೆ. ಹೃದಯವೂ ಶ್ವಾಸವೂ ಕೆಲವು ವಾರಗಳಲ್ಲಿ ಪಳಗುತ್ತವೆ. ಎಲುಬುಗಳೂ ಸ್ನಾಯುಗಳ ಹುರಿಗಳೂ ಹಾಗಲ್ಲ, ಅವುಗಳಿಗೆ ತಿಂಗಳುಗಳು ಬೇಕು. ಉಸಿರು ಸಾಕಷ್ಟಿದೆಯೆಂದು ಹಿಗ್ಗಿ ಎರಡನೆಯ ವಾರದಲ್ಲಿಯೇ ಐದು ಕಿಲೋಮೀಟರು ಓಡಿದವರು ಮೊಣಕಾಲ ಕೆಳಗಿನ ಎಲುಬು ಹಿಡಿದುಕೊಂಡು ಕೂರುವದು ಇದರಿಂದಲೇ. ಎದೆನೋವು, ತಲೆಸುತ್ತು ಇದ್ದವರೂ, ಮೊದಲೇ ಕಾಯಿಲೆಯುಳ್ಳವರೂ ವೈದ್ಯರಿಗೆ ತೋರಿಸದೆ ತೊಡಗಬಾರದು.

ಓಡದ ದಿವಸಗಳೂ ಕೆಲಸದ ದಿವಸಗಳೇ. ಓಟದಲ್ಲಿ ದಣಿದ ಮಾಂಸಖಂಡವು ಸರಿಯಾಗಿ ಬಲಗೊಳ್ಳುವದು ವಿಶ್ರಾಂತಿಯಲ್ಲಿ, ವಿಶೇಷವಾಗಿ ನಿದ್ರೆಯಲ್ಲಿ. ಕರ್ತನ ದಿನವು ಇದಕ್ಕಾಗಿಯೇ ನೇಮಕವಾಯಿತೆಂದು ನಾನು ಹೇಳುವದಿಲ್ಲ. ಅದಕ್ಕೆ ಹೆಚ್ಚಿನ ಕಾರಣವುಂಟು. ಓಟಗಾರರಲ್ಲಿ ಇದನ್ನು ಬಲ್ಲವನೊಬ್ಬನಿದ್ದನು. ಎರಿಕ್ ಲಿಡ್ಡೆಲ್ ಎಂಬ ಸ್ಕಾಟ್ಲಂಡಿನ ಯೌವನಸ್ಥನ ತಂದೆತಾಯಿಗಳು ಲಂಡನ್ ಮಿಷನ್ನಿನವರು. ಅದೇ ಮಿಷನ್ನು ನಮ್ಮ ಬಳ್ಳಾರಿ ಬೆಂಗಳೂರುಗಳಲ್ಲಿಯೂ ಸೇವೆ ನಡಿಸಿತ್ತು. 1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ ಅವನು ಹೆಸರುವಾಸಿಯಾಗಿದ್ದ 100 ಮೀಟರಿನ ಓಟದ ಮೊದಲ ಸುತ್ತುಗಳು ಆದಿತ್ಯವಾರ ಬಿದ್ದದ್ದರಿಂದ ಅದನ್ನು ಬಿಟ್ಟುಕೊಟ್ಟನು; 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದನು. ಮರುವರುಷವೇ ಕೀರ್ತಿಯನ್ನೆಲ್ಲಾ ಹಿಂದೆ ಬಿಟ್ಟು ಚೀನಾ ದೇಶಕ್ಕೆ ಉಪಾಧ್ಯಾಯನಾಗಿ ಹೋದನು. 1945ರಲ್ಲಿ, ಯುದ್ಧದ ಸೆರೆಶಿಬಿರದಲ್ಲಿ ತೀರಿಕೊಂಡಾಗ ಅವನಿಗೆ 43 ವರುಷ. ಓಟವನ್ನು ಅಷ್ಟು ಪ್ರೀತಿಸಿದವನು ಅದನ್ನು ಅಷ್ಟು ಸಡಿಲಾಗಿ ಹಿಡಿದಿದ್ದನು.

ಇನ್ನು ತಾಯಂದಿರೊಡನೆ ಎರಡು ಮಾತು. ಮಗನು ಎರಡನೆಯ ಸಾರಿ ಅನ್ನ ಬೇಡವೆಂದರೆ ನಿಮ್ಮ ಕರುಳು ಚುರಕ್ಕೆನ್ನುತ್ತದೆ. ಕೆನ್ನೆ ಇಳಿದರೆ, ಯಾರ ಕಣ್ಣು ಬಿತ್ತೋ ಎನ್ನುತ್ತೀರಿ. ಇದನ್ನು ಅಜ್ಞಾನವೆಂದು ಜರೆಯುವವರ ಸಂಗಡ ನಾನು ಸೇರಲಾರೆನು. ನಮ್ಮ ಜನರು ಹಸಿವನ್ನು ಬಲ್ಲವರು. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳು ಬೆಂದುಹೋದವು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಜನರು 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾದರು. ಆ ಬರದಲ್ಲಿ ತಂದೆತಾಯಿಗಳನ್ನು ಕಳಕೊಂಡು ಮಿಷನ್ನಿನ ಅನಾಥಶಾಲೆಗಳಲ್ಲಿ ಗಂಜಿ ಕುಡಿದು ಬೆಳೆದ ಮಕ್ಕಳ ಸಂತಾನದವರು ನಮ್ಮ ಸಭೆಗಳಲ್ಲಿ ಇಂದಿಗೂ ಇದ್ದಾರೆ. ಅಂಥ ಮನೆಗಳಲ್ಲಿ ಮೈ ಕೈ ತುಂಬಿಕೊಂಡ ಮಗುವೆಂದರೆ ದೇವರ ಆಶೀರ್ವಾದವೇ. ದಾನಿಯೇಲನೂ ಅವನ ಗೆಳೆಯರೂ ಹತ್ತು ದಿವಸ ಕಾಯಿಪಲ್ಯ ತಿಂದು ನೀರು ಕುಡಿದಾಗ ಅವರು ಉಳಿದವರಿಗಿಂತ ಪುಷ್ಟರಾಗಿ ಕಂಡರೆಂದು ವೇದವು ಮೆಚ್ಚಿ ಹೇಳುತ್ತದಲ್ಲವೇ! ಆದದರಿಂದ ತಾಯಿಯ ಭಯಕ್ಕೆ ಬೇರುಂಟು. ಕಾರಣವಿಲ್ಲದೆ ಮೈ ಇಳಿದರೆ ಭಯಪಡತಕ್ಕದ್ದೇ. ಕ್ಷಯರೋಗದಲ್ಲಿಯೂ ಸಕ್ಕರೆ ಕಾಯಿಲೆಯಲ್ಲಿಯೂ ಹಾಗಾಗುತ್ತದೆ, ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ತಿಳಿದು, ಅಳೆದು, ಮೆಲ್ಲಗೆ ಇಳಿಸಿದ್ದು ಬೇರೆ. ಹಾಗೆ ಇಳಿಸುವವನ ತಟ್ಟೆಗೆ ಕಣ್ಣೀರು ಹಾಕಿ ಬಡಿಸಬೇಡಿರಿ.

ಯಾಕಂದರೆ ಹಸಿವು ಕೊಂದ ಮನೆಗಳಲ್ಲಿ ಈಗ ಬೇರೊಂದು ಶತ್ರು ಕೂತಿದೆ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯುಳ್ಳವರು ಸುಮಾರು 10 ಕೋಟಿ ಜನರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯು 2023ರಲ್ಲಿ ತಿಳಿಸಿತು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೆ ಮೇಲೆ. ಭಾರತದವರಾದ ನಮಗೆ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಬೇಗನೆ ಕೇಡು ಮಾಡುತ್ತದೆ. ಆದಕಾರಣ ಗಂಡಸರ ಸೊಂಟದ ಸುತ್ತಳತೆಯು 90 ಸೆಂಟಿಮೀಟರು, ಹೆಂಗಸರದು 80 ಸೆಂಟಿಮೀಟರು ಮುಟ್ಟಿದರೆ ಎಚ್ಚರಗೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಒಳ್ಳೇ ಸಮಾಚಾರವೂ ಉಂಟು. ಅಮೇರಿಕದಲ್ಲಿ ಹೊಸ್ತಿಲ ಮೇಲಿದ್ದ ಮೂರು ಸಾವಿರಕ್ಕೆ ಮೀರಿದ ಜನರಲ್ಲಿ ಒಂದು ಪರೀಕ್ಷೆಯು ನಡೆದು 2002ರಲ್ಲಿ ಪ್ರಕಟವಾಯಿತು. ತೂಕದಲ್ಲಿ ನೂರಕ್ಕೆ ಏಳು ಪಾಲು ಇಳಿಸುವ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿಯನ್ನಿಟ್ಟುಕೊಂಡವರಲ್ಲಿ ಕಾಯಿಲೆಗೆ ಬಿದ್ದವರ ಪ್ರಮಾಣವು ನೂರಕ್ಕೆ 58ರಷ್ಟು ಕಡಿಮೆಯಾಗಿತ್ತು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ನಮ್ಮವರ ಪರೀಕ್ಷೆಯಲ್ಲಿ ಈ ಲಾಭವು ನೂರಕ್ಕೆ 28ರಷ್ಟೇ ಆದರೂ ಅದೂ ಲಾಭವೇ. 80 ಕಿಲೋ ತೂಗುವವನಿಗೆ ಏಳು ಪಾಲೆಂದರೆ ಐದೂವರೆ ಕಿಲೋ ಚಿಲ್ಲರೆ. ತಂದೆಯು ದಿನಾಲೂ ಸೂಜಿ ಚುಚ್ಚಿಕೊಳ್ಳುವದನ್ನು ನೋಡಿ ಬೆಳೆದ ಮಗನಿಗೆ ಇದು ಅಂದಚೆಂದದ ಮಾತಲ್ಲ.

ಯೌವನಸ್ಥನೇ, ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರೆನು. ನೀನು ಎಲ್ಲವನ್ನೂ ಸರಿಯಾಗಿ ಮಾಡಿಯೂ, ಫೋನಿನಲ್ಲಿ ನೋಡುವ ಆ ತೆಳುಮೈ ನಿನಗೆ ಬಾರದಿರಬಹುದು. ಕೆಲವರ ಮೈಕಟ್ಟು ಹುಟ್ಟಿನಿಂದಲೇ ದಪ್ಪವಾದದ್ದು. ಇಳಿದ ತೂಕವು ಮತ್ತೆ ಏರುವದೂ ಬಹುಮಂದಿಯಲ್ಲಿ ಉಂಟು. ತೂಕವು ಇಳಿಯದಿದ್ದರೂ ಓಟದಿಂದ ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಹದಕ್ಕೆ ಬರುವದುಂಟು. ಮೆಟ್ಟಲು ಹತ್ತುವಾಗ ಉಸಿರು ಕಟ್ಟದೆ ಇದ್ದದ್ದನ್ನು ಗಮನಿಸು. ಪಟದ ಮುಂದೆ ನಿಂತು ಅಳಬೇಡ. ಇನ್ನು ನಿನಗೆ ಆ ತೆಳುಮೈ ಬಂದೇ ಬಂದರೆ ಅಪಾಯವು ಮತ್ತೊಂದು ಬಾಗಿಲಿನಿಂದ ಬರುತ್ತದೆ: ಆರು ತಿಂಗಳ ಹಿಂದೆ ನಿನ್ನ ಹೊಟ್ಟೆಯನ್ನು ತಟ್ಟಿದ ಕೈಯೇ ನಿನ್ನದಾಗಿ ಇನ್ನೊಬ್ಬನ ಹೊಟ್ಟೆಯ ಮೇಲೆ ಬೀಳಬಹುದು. ಉಣ್ಣುವವನು ಉಣ್ಣದವನನ್ನು ಹೀನೈಸಬಾರದು, ಉಣ್ಣದವನು ಉಣ್ಣುವವನಿಗೆ ತೀರ್ಪುಮಾಡಬಾರದು ಎಂಬ ಉಪದೇಶವು ರೋಮಾಪುರದ ಸಭೆಗೆ ಬೇರೆ ಕಾರಣದಿಂದ ಹೋಯಿತು. ನಮ್ಮ ಪ್ರೀತಿಭೋಜನದ ಪಂಕ್ತಿಯಲ್ಲಿಯೂ ಅದು ಸಲ್ಲುತ್ತದೆ.

ಸಭೆಯವರೂ ಕೇಳಬೇಕು. ನಮ್ಮ ಆದಿತ್ಯವಾರದ ಶಾಲೆಗಳಲ್ಲಿ ದಪ್ಪ ಮಗುವಿಗೆ ಗುಂಡ, ಡುಮ್ಮಿ ಎಂಬ ಹೆಸರುಗಳು ಎಷ್ಟು ಸುಲಭವಾಗಿ ಅಂಟುತ್ತವೆ! ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರನ್ನು ಮರೆತು ಅಡ್ಡಹೆಸರನ್ನು ಕೂಗುವ ಹಿರಿಯರೂ ಉಂಟು. ಇದು ಲಘುವಾದ ಪಾಪವೆಂದು ನನಗೆ ತೋರುವದಿಲ್ಲ. ಆ ಹೆಸರನ್ನು ಹೊತ್ತ ಮಗುವು ಬೆಳೆದು ನಾಲ್ಕೂವರೆಯ ಕತ್ತಲಲ್ಲಿ ಓಡುವದು ಯಾಕೆ? ಬೆಳಕಾದರೆ ನಾವು ನೋಡುತ್ತೇವೆಂದೇ.

ನಮ್ಮ ಹೆಣ್ಣುಮಕ್ಕಳ ಗತಿ ಇನ್ನೂ ಕಷ್ಟ. ಹುಡುಗನು ಓಡಿದರೆ ನಗು, ಹುಡುಗಿಯು ಓಡಿದರೆ ಸುದ್ದಿ. ಕತ್ತಲೆಯ ರಸ್ತೆಯಲ್ಲಿ ಲಾರಿಗಳ ಭಯವೂ ಬೀದಿನಾಯಿಗಳ ಭಯವೂ ಇಬ್ಬರಿಗೂ ಸಮಾನ. ಆಕೆಗೆ ಅದರ ಮೇಲೆ ಮನುಷ್ಯರ ಭಯವೂ ಸೇರಿದೆ. ಅನೇಕ ಊರುಗಳಲ್ಲಿ ದೇವಾಲಯಕ್ಕೂ ಮಿಷನ್ ಶಾಲೆಗೂ ಗೋಡೆ ಕಟ್ಟಿದ ಬಯಲುಂಟು. ಸುತ್ತು ಬಂದರೆ ಇನ್ನೂರು ಮುನ್ನೂರು ಮೀಟರು ಆದೀತು. ರಾತ್ರಿ ಬೀಗ ಹಾಕಿದ್ದು ಎಂಟು ಗಂಟೆಯ ವರೆಗೆ ತೆಗೆಯುವದಿಲ್ಲ. ಸಭಾಹಿರಿಯರು ಮುಂದಿನ ಕೂಟದಲ್ಲಿ ಈ ವಿಷಯವನ್ನು ಎತ್ತಲಿ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದು, ಒಂದು ದೀಪ ಹಚ್ಚಿ, ಒಂದು ಕೊಡ ನೀರು ಇಡುವದಕ್ಕೆ ಹಣವೇನೂ ಬೇಕಾಗಿಲ್ಲ, ಏಳುವವರೊಬ್ಬರು ಬೇಕು. ಸ್ತ್ರೀಸಮಾಜದ ಇಬ್ಬರು ತಾಯಂದಿರು ಅಲ್ಲಿಯೇ ನಾಲ್ಕು ಸುತ್ತು ನಡೆದರೆ ಹುಡುಗಿಯರು ಧೈರ್ಯವಾಗಿ ಬರುವರು, ತಾಯಂದಿರ ಮೊಣಕಾಲಿಗೂ ಒಳ್ಳೇದಾಗುವದು. ಕೀಲಿಕೈಯು ಯಾರ ಮನೆಯಲ್ಲಿ ತೂಗುತ್ತಿದೆಯೋ ಅವರನ್ನು ಈ ಆದಿತ್ಯವಾರವೇ ಆರಾಧನೆಯಾದ ಮೇಲೆ ಕಂಡು ಮಾತಾಡಿರಿ.